ಹದಿನಾಲ್ಕು ಎಣಿಸುವಷ್ಟು ಹೊತ್ತು

ಅಕ್ಕ ತೀರಿಕೊಂಡು ಏಳು ತಿಂಗಳಾಗಿದ್ದರೂ ನಮ್ಮ ಪಾಳಿಕೋಣೆಯಲ್ಲಿ ಮಾತಾಡುವುದನ್ನು ನಿಲ್ಲಿಸಿರಲಿಲ್ಲ. ಗಾಬರಿಯಾಗಬೇಡಿ, ಕಾರಣ ಬಹಳ ಸಾದಾ. ಮೇಲೆ ಸುತ್ತುತ್ತಿರುವ ನಮ್ಮ ದೂರದರ್ಶಕಕ್ಕೆ ಏನಾದರೂ ಕಂಡರೆ ಕೆಳಗೆ ಈ ಕೋಣೆಯಲ್ಲಿ ಒಂದು ಕೀರಲು ಸದ್ದಾಗುತ್ತಿತ್ತು. ಆ ಸದ್ದಿಗೆ ಒಗ್ಗಿಹೋದ ಪಾಳಿಯವರು ಅದು ಕೂಗುತ್ತಿದ್ದರೂ ತೂಕಡಿಸುತ್ತಾರೆ ಎಂದು ಸಿಟ್ಟು ಬಂದು, ಆರು ವರ್ಷದ ಹಿಂದೆ ಅಕ್ಕ ಅದನ್ನು ಕಿತ್ತುಹಾಕಿ ತನ್ನ ದನಿಯನ್ನೇ ಮುದ್ರಿಸಿ ಕೂರಿಸಿದಳು. "ಏನೋ ಬಂದಿದೆ, ನೋಡು." ಅಷ್ಟೇ. ಅಂದು ಅವಳಿಗೆ ನೆಗಡಿಯಾಗಿತ್ತು. ಹಾಗಾಗಿ ಇವತ್ತಿಗೂ ಆ ಕೋಣೆಯಲ್ಲಿ ಅವಳಿಗೆ ನೆಗಡಿ.

ಅವಳು ಹೋದ ಮೇಲೆ ಅದನ್ನು ಬದಲಿಸೋಣ ಎಂದು ಯಾರೂ ಬಾಯಿಬಿಡಲಿಲ್ಲ. ನನ್ನ ಮುಖ ನೋಡಿ ಸುಮ್ಮನಾದರು ಅಂತ ಕಾಣುತ್ತದೆ. ಕೋಣೆಯ ತುಂಬ ಅವಳೇ. ಸ್ವಿಚ್ಚುಗಳ ಮೇಲೆ ಅವಳ ಕೈಬರಹದ ಚೀಟಿಗಳು: "ಇದನ್ನು ಮುಟ್ಟಬೇಡ." ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ನಿನಗೇ ಹೇಳಿದ್ದು." ಕುರ್ಚಿಯ ಮೇಲೆ ಅವಳ ದಿಂಬು, ಮಧ್ಯದಲ್ಲಿ ಅವಳು ಕೂತು ಕೂತು ಆದ ತಗ್ಗು. ನಾನು ಅವಳಿಗಿಂತ ದಪ್ಪ, ಆದರೂ ಆ ತಗ್ಗು ನನ್ನ ಭಾರಕ್ಕೂ ತನ್ನ ಆಕಾರ ಬಿಟ್ಟುಕೊಟ್ಟಿರಲಿಲ್ಲ.

ನಾವು ಕಾಯುವುದು ಗಾಮಾ ಸ್ಫೋಟಗಳಿಗೆ. ಲೆಕ್ಕಕ್ಕೂ ಸಿಗದಷ್ಟು ದೂರದಲ್ಲಿ ದೊಡ್ಡ ನಕ್ಷತ್ರವೊಂದು ತನ್ನೊಳಗೇ ಕುಸಿದಾಗ ಗಾಮಾ ಕಿರಣಗಳ ಒಂದು ಹೊಡೆತ ಹೊರಡುತ್ತದೆ. ಕೋಟಿ ಕೋಟಿ ವರ್ಷ ನಡೆದು ಬಂದು, ಕೆಲವು ಸೆಕೆಂಡುಗಳಲ್ಲಿ ನಮ್ಮನ್ನು ಹಾದುಹೋಗುತ್ತದೆ. ಗಾಳಿ ಅದನ್ನು ನೆಲದವರೆಗೆ ಬಿಡುವುದಿಲ್ಲ, ಅದಕ್ಕೇ ಶೋಧಕಗಳನ್ನು ಮೇಲೆ ಇಡಬೇಕು. ನಮ್ಮ ದೂರದರ್ಶಕದ ಹನ್ನೆರಡು ಶೋಧಕಗಳು ಹನ್ನೆರಡು ಕಡೆಗೆ ಮುಖ ಮಾಡಿವೆ. ಯಾವುದಕ್ಕೆ ಎಷ್ಟು ಕಿರಣ ಬಿತ್ತು ಎಂದು ಹೋಲಿಸಿದರೆ ಹೊಡೆತ ಯಾವ ದಿಕ್ಕಿನಿಂದ ಬಂತು ಎಂದು ಅಂದಾಜು ಸಿಗುತ್ತದೆ. ಆಮೇಲೆ ಪಾಳಿಯವಳು ನಲವತ್ತು ನಿಮಿಷದೊಳಗೆ ಸೂಚನೆ ಕಳಿಸಿದರೆ, ಬೇರೆ ಬೇರೆ ಕಡೆಯ ವೀಕ್ಷಣಾಲಯಗಳು ಆ ದಿಕ್ಕಿಗೆ ಕಣ್ಣು ತಿರುಗಿಸುತ್ತವೆ. ಯಾಕೆಂದರೆ ಸ್ಫೋಟದ ಹಿಂದೆ ಒಂದು ಮಂಕು ಬೆಳಕು ಉಳಿದಿರುತ್ತದೆ, ಅದು ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತದೆ. ಎಷ್ಟು ದೂರದಿಂದ ಬಂದದ್ದು ಎಂದು ಅಳೆಯುವುದು ಆ ಬೆಳಕಿನಿಂದ ಮಾತ್ರ. ಅದು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಅದೇ ನಕ್ಷತ್ರ ಎರಡು ಸಲ ಸಾಯುವುದಿಲ್ಲವಲ್ಲ.

ಅಕ್ಕನ ಕೆಲಸ ನಮ್ಮನ್ನು ಪರೀಕ್ಷಿಸುವುದು. ವರ್ಷದ ಆರಂಭದಲ್ಲೇ ಅವಳು ಕೆಲವು ನಕಲಿ ಸ್ಫೋಟಗಳನ್ನು ತಯಾರಿಸಿ, ಯಾವ ದಿನ ಯಾರ ಪಾಳಿಯಲ್ಲಿ ಅವು ಪರದೆಯ ಮೇಲೆ ಬರಬೇಕು ಎಂದು ಯಂತ್ರದೊಳಗೆ ಹೂತಿಡುತ್ತಿದ್ದಳು. ನಾವು ನಾಲ್ಕು ಜನ ಪಾಳಿಯವರು. ಪ್ರತಿಯೊಬ್ಬರ ನಕಲಿಗಳ ಪಟ್ಟಿ ಒಂದೊಂದು ಅರಗು ಹಾಕಿದ ಲಕೋಟೆಯಲ್ಲಿ ನಿರ್ದೇಶಕರ ಕಬ್ಬಿಣದ ಬೀರುವಿನಲ್ಲಿ ಇರುತ್ತಿತ್ತು. ಪಾಳಿಯವಳ ಕಾಗದದಲ್ಲಿ ಎರಡೇ ಚೌಕ: ನಿಜ, ನಕಲಿ. ಒಂದಕ್ಕೆ ಗುರುತು ಹಾಕಿ ಸಹಿ ಮಾಡಬೇಕು. ನಕಲಿಗೆ ನಿಜ ಎಂದು ಗುರುತು ಹಾಕಿದರೆ ಲೋಕಕ್ಕೇನೂ ನಷ್ಟವಿಲ್ಲ, ಹೊರಗೆ ಹೋಗುವ ಬಾಗಿಲಲ್ಲೇ ಅಕ್ಕನ ಯಂತ್ರ ಅದನ್ನು ತಡೆಯುತ್ತಿತ್ತು. ನಕಲಿ ಎಂದರೆ ಸೂಚನೆ ಹೊರಡುವುದೇ ಇಲ್ಲ. ಶನಿವಾರದ ಸಭೆಯಲ್ಲಿ ನಿರ್ದೇಶಕರು ಲಕೋಟೆ ಒಡೆದು, ಗುರುತು ಹಾಕಿದ ದಿನದ ಸಾಲನ್ನು ಮಾತ್ರ ಓದಿ ಸರಿಯೋ ತಪ್ಪೋ ಹೇಳಿ, ಮತ್ತೆ ಅರಗು ಹಾಕುತ್ತಿದ್ದರು. ಅದಕ್ಕೆ ಮೊದಲು ಲಕೋಟೆ ಮುಟ್ಟುವ ಹಾಗಿಲ್ಲ. "ಅನುಮಾನ ಬಂದ್ರೆ ಕಳಿಸು" ಎಂಬುದು ಅಕ್ಕ ಎಲ್ಲರಿಗೂ ಕಲಿಸಿದ ಮೊದಲ ಪಾಠ.

ಆದರೆ ಕಳಿಸಿ ಸಿಕ್ಕಿಬಿದ್ದವರಿಗೆ ಒಂದು ಶಿಕ್ಷೆ ಇತ್ತು. ವಾರವಿಡೀ ಎಲ್ಲರ ಚಹಾ ಲೋಟ ತೊಳೆಯಬೇಕು. ಉಳಿದ ಮೂವರೂ ತೊಳೆದಿದ್ದರು, ಗಡಿಯಾರ ಅಂತೂ ಒಂದೇ ವರ್ಷದಲ್ಲಿ ಮೂರು ಸಲ. ಗಡಿಯಾರ ಎಂದರೆ ದೂರದರ್ಶಕದ ವೇಳೆ ಸರಿಯಾಗಿದೆಯೇ ಎಂದು ನೋಡಿಕೊಳ್ಳುವ ಎಂಜಿನಿಯರು. ಅವನಿಗೆ ಸೆಕೆಂಡಿನ ಲಕ್ಷದ ಒಂದು ಪಾಲು ಗೊತ್ತು, ಊಟದ ಹೊತ್ತು ಮಾತ್ರ ಗೊತ್ತಾಗುವುದಿಲ್ಲ. ನಾನು ಆರು ವರ್ಷದಲ್ಲಿ ಒಂದು ಲೋಟವನ್ನೂ ತೊಳೆದವಳಲ್ಲ. ಹನ್ನೊಂದು ನಕಲಿ ನನ್ನ ಪಾಳಿಯಲ್ಲಿ ಬಂದಿದ್ದವು, ಹನ್ನೊಂದನ್ನೂ ಹಿಡಿದಿದ್ದೆ. ನನಗೆ ಜರಡಿ ಎಂದು ಹೆಸರಿಟ್ಟಿದ್ದರು. ಹೆಸರು ಕೇಳಿದಾಗಲೆಲ್ಲ ಬೇಡ ಬೇಡ ಎನ್ನುತ್ತಿದ್ದೆ, ಒಳಗೊಳಗೇ ಉಬ್ಬುತ್ತಿದ್ದೆ.

ಈಗ ಗುಟ್ಟು ಹೇಳಿಬಿಡುತ್ತೇನೆ. ನಾನು ಜರಡಿಯೂ ಅಲ್ಲ, ಏನೂ ಅಲ್ಲ. ಅಕ್ಕ ಬಾಗಿಲು ತಟ್ಟುವ ರೀತಿ ನನಗೆ ಗೊತ್ತಿತ್ತು.

ಅವಳು ನನಗಿಂತ ಆರು ವರ್ಷ ದೊಡ್ಡವಳು. ಚಿಕ್ಕವಳಿದ್ದಾಗ ನಾನು ಜಗಳವಾಡಿ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಅಕ್ಕ ಬಂದು ಒಂದೇ ಸಲ, ಮೆಲ್ಲಗೆ, ಬೆರಳ ತುದಿಯಿಂದ ತಟ್ಟುತ್ತಿದ್ದಳು. ಆಮೇಲೆ ಸದ್ದೇ ಇಲ್ಲ. ನಾನು ಒಳಗೆ ಎಣಿಸುತ್ತಿದ್ದೆ. ಹತ್ತು, ಹನ್ನೊಂದು, ಹನ್ನೆರಡು. ಹೋಗಿರಬೇಕು ಎಂದು ಬಾಗಿಲಿಗೆ ಕಿವಿ ಹಚ್ಚುವ ಹೊತ್ತಿಗೆ ಸರಿಯಾಗಿ ಹದಿನಾಲ್ಕಕ್ಕೆ ಧಡ್ ಧಡ್ ಧಡ್ ಎಂದು ಮೂರು ಗುದ್ದು. ನಾನು ಹೌಹಾರಿ ಬೀಳುತ್ತಿದ್ದೆ, ಅವಳು ಆಚೆ ನಕ್ಕು ನಕ್ಕು ಕೂತುಬಿಡುತ್ತಿದ್ದಳು. ಆಮೇಲೆ ನಾನೂ ನಗುತ್ತಿದ್ದೆ. ಚಿಲಕ ತೆಗೆಸಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ, ಮತ್ತು ಅದು ಒಂದು ಸಲವೂ ಸೋತಿರಲಿಲ್ಲ.

ನನ್ನ ಪಾಳಿಯಲ್ಲಿ ಬಂದ ಮೊದಲ ನಕಲಿ ನೋಡಿದಾಗಲೇ ಹೊಳೆಯಿತು. ಮೊದಲು ಒಂದು ಸಣ್ಣ ಉಬ್ಬು, ಆಮೇಲೆ ಮೌನ, ಆಮೇಲೆ ಒಂದರ ಬೆನ್ನಿಗೊಂದು ಮೂರು ದೊಡ್ಡ ಉಬ್ಬು. ನಿಜವಾದ ಸ್ಫೋಟಗಳೂ ಒಮ್ಮೊಮ್ಮೆ ಹೀಗಿರುತ್ತವೆ, ಹಾಗಾಗಿ ಬೇರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅಳತೆ ಹಚ್ಚಿದೆ: ಮೌನ ಹದಿನಾಲ್ಕು ಸೆಕೆಂಡು. ಎರಡನೆಯದೂ ಹಾಗೇ. ಪಾಪ, ಅಭ್ಯಾಸಬಲ, ಅವಳಿಗೇ ಗೊತ್ತಿಲ್ಲದೆ ಕೈ ಹಾಗೆ ಹೋಗುತ್ತದೆ ಎಂದುಕೊಂಡೆ. ಹೇಳಲಿಲ್ಲ. ಹೇಳಿದ್ದರೆ ಅವಳು ಬದಲಿಸುತ್ತಿದ್ದಳು, ನಾನು ಲೋಟ ತೊಳೆಯಬೇಕಾಗುತ್ತಿತ್ತು. ಮೂರನೆಯದರಿಂದ ಅಳತೆ ಹಚ್ಚುವುದನ್ನೂ ಬಿಟ್ಟೆ. ನೋಡಿದರೆ ಸಾಕಾಗಿತ್ತು.

ಅವಳ ಕೊನೆಯ ಪಟ್ಟಿಗಳು ತಯಾರಾದದ್ದು ಆಸ್ಪತ್ರೆಯಲ್ಲಿ. ಊಟದ ತಟ್ಟೆ ಇಡುವ ಮಡಿಚುವ ಮೇಜನ್ನು ಎದೆಯವರೆಗೆ ಎಳೆದುಕೊಂಡು, ಅದರ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ವರ್ಷವಿಡೀ ಬೇಕಾದದ್ದನ್ನೆಲ್ಲ ಮುಗಿಸಿದಳು. ಲಕೋಟೆಗೆ ಅರಗು ಹಾಕಿದವರು ಭಾವ. ಅವರು ಕಾರು ಓಡಿಸುವುದನ್ನು ಕಲಿಸುವವರು. ಪಕ್ಕದ ಸೀಟಿನಲ್ಲಿ ಎರಡನೆಯ ಬ್ರೇಕು ಇರುವ ಕಾರಿನಲ್ಲಿ ಇಪ್ಪತ್ತು ವರ್ಷ ಕೂತು ಕೂತು, ಊಟಕ್ಕೆ ಕೂತಾಗಲೂ ಯಾರಾದರೂ ಅವಸರದಿಂದ ಮಾತಾಡಿದರೆ ಮೇಜಿನ ಕೆಳಗೆ ಬಲಗಾಲು ಒತ್ತುತ್ತಾರೆ. ಪಟ್ಟಿಯ ಬಗ್ಗೆ ನಾನು ಎಷ್ಟು ಗೋಗರೆದರೂ ಅವರು ತುಟಿ ಬಿಚ್ಚಲಿಲ್ಲ. ಒಮ್ಮೆ ಮಾತ್ರ, ಅವಳ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದಾಗ, ಹೇಳಿದರು.

"ಉಳಿದವರದ್ದೆಲ್ಲ ಬೇಗ ಬರೆದ್ಲು. ನಿನ್ನ ಹಾಳೆಗೇ ತುಂಬಾ ಹೊತ್ತು ತಗೊಂಡ್ಲು."

ಆ ಒಂದು ಮಾತು ನನಗೆ ಏಳು ತಿಂಗಳ ಅನ್ನವಾಯಿತು. ಹಾಗಾದರೆ ನನಗೆಂದು ಏನೋ ಇಟ್ಟುಹೋಗಿದ್ದಾಳೆ, ಯಾವುದೋ ಒಂದು ದಿನ ಬಂದೇ ಬರುತ್ತದೆ. ಉಳಿದವರ ಪಾಳಿಯಲ್ಲಿ ಒಂದಾದ ಮೇಲೊಂದು ನಕಲಿ ಬಂದವು, ಲಕೋಟೆಗಳನ್ನು ಒಡೆದದ್ದಾಯಿತು, ಲೋಟಗಳನ್ನು ತೊಳೆದದ್ದಾಯಿತು. ಸತ್ತ ಮೇಲೂ ಬಿಡುವುದಿಲ್ಲವಲ್ಲ ಈ ಹೆಂಗಸು ಎಂದು ಗಡಿಯಾರ ಗೊಣಗಿ, ನಾನು ಪಕ್ಕದಲ್ಲೇ ಇದ್ದದ್ದು ಕಂಡು ನಾಲಗೆ ಕಚ್ಚಿಕೊಂಡ. ಅವರ ನಕಲಿಗಳು ಹೇಗಿದ್ದವು ಎಂದು ನಾನು ಎಂದೂ ನೋಡಿದವಳಲ್ಲ, ಜರಡಿಗೆ ಅದರ ಅಗತ್ಯವೇನು? ನನ್ನ ಪಾಳಿಯಲ್ಲಿ ಮಾತ್ರ ಏನೂ ಇಲ್ಲ. ನನ್ನ ಲಕೋಟೆಯ ಅರಗು ಹಾಗೇ ಇತ್ತು. ಪ್ರತಿ ಸಲ "ಏನೋ ಬಂದಿದೆ, ನೋಡು" ಎಂದಾಗ ಕೈಲಿದ್ದದ್ದನ್ನು ಬಿಟ್ಟು ಪರದೆಗೆ ಓಡುತ್ತಿದ್ದೆ. ನೋಡಿದರೆ ಸೂರ್ಯನ ಕಿಡಿ, ಇಲ್ಲವೇ ದಾರಿತಪ್ಪಿದ ಕಣಗಳ ಗದ್ದಲ, ಇಲ್ಲವೇ ಯಾವುದೋ ನಿಜವಾದ, ನನಗೆ ಸಂಬಂಧವಿಲ್ಲದ ಸ್ಫೋಟ. ನಾಚಿಕೆಯಿಂದ ಹೇಳುತ್ತಿದ್ದೇನೆ, ನಿಜವಾದವುಗಳನ್ನು ಕಂಡರೆ ನನಗೆ ಬೇಸರವಾಗತೊಡಗಿತ್ತು.

ಮನೆಯಲ್ಲೂ ಅದೇ ಪಾಡು. ಮೇಲಿನ ಮಹಡಿಯವರು ಕುರ್ಚಿ ಎಳೆದರೆ ಎಣಿಸುತ್ತಿದ್ದೆ. ನಲ್ಲಿಯಿಂದ ಒಂದು ಹನಿ ಬಿದ್ದರೆ ಎಣಿಸುತ್ತಿದ್ದೆ. ಹದಿನಾಲ್ಕರವರೆಗೆ ಬಂದು, ಏನೂ ಆಗದೆ, ಅಲ್ಲಿಗೇ ನಿಲ್ಲುತ್ತಿದ್ದೆ. ಹದಿನೈದು ಎನ್ನಲು ಬಾಯಿ ಬರುತ್ತಿರಲಿಲ್ಲ.

ಅದು ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಕಿಟಕಿಯಾಚೆ ಒಬ್ಬ ಕೆಲಸಗಾರ ಏಣಿ ಹತ್ತಿ ಎದುರು ಕಟ್ಟಡದ ಗಾಜು ಒರೆಸುತ್ತಿದ್ದ. ನಾನು ಚಹಾಕ್ಕೆ ಸಕ್ಕರೆ ಹಾಕುತ್ತಿದ್ದೆ.

"ಏನೋ ಬಂದಿದೆ, ನೋಡು."

ತಿರುಗಿ ನೋಡಿದೆ. ಪರದೆಯ ಮೇಲೆ ಒಂದು ಸಣ್ಣ ಉಬ್ಬು. ಖಾಲಿ ಜಾಗ. ಆಮೇಲೆ ಮೂರು, ಒಂದರ ಬೆನ್ನಿಗೊಂದು.

"ಬಂದ್ಯಾ ಅಕ್ಕಾ?" ಎಂದೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಎನ್ನುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿ ಪರದೆ ಮಸುಕಾಯಿತು. ಅಷ್ಟು ಸಂತೋಷ ನನಗೆ ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ.

ನಲವತ್ತು ನಿಮಿಷ ಇತ್ತು. ಅದರಲ್ಲಿ ಅರ್ಧ ಗಂಟೆ ನಾನು ಅದನ್ನು ಸುಮ್ಮನೆ ನೋಡುತ್ತ ಕೂತೆ. ಭೂಮಿಯ ಕಡೆ ಮುಖ ಮಾಡಿದ ಶೋಧಕಗಳಲ್ಲೂ ಒಂದು ಮಂಕಾದ ಏರಿಳಿತ ಕಂಡಿತು. ನಿಜವಾದ ಸ್ಫೋಟ ಬಂದಾಗ ಕಿರಣಗಳು ನಮ್ಮ ಗಾಳಿಗೆ ಬಡಿದು ಸ್ವಲ್ಪ ವಾಪಸು ಚಿಮ್ಮುತ್ತವೆ, ಅದರ ಗುರುತು ಅದು. ಅಕ್ಕನ ಹಳೆಯ ನಕಲಿಗಳಲ್ಲಿ ಅದು ಎಂದೂ ಇರಲಿಲ್ಲ. ಅಷ್ಟು ನಾಜೂಕಿನ ಕೆಲಸಕ್ಕೆ ಪುರಸೊತ್ತಿಲ್ಲ ಎನ್ನುತ್ತಿದ್ದಳು. ಬುದ್ಧಿ ನೆಟ್ಟಗಿದ್ದವರು ಅಲ್ಲಿಗೇ ಎದ್ದು ಕೂರಬೇಕಿತ್ತು. ನಾನು ಏನು ಮಾಡಿದೆ? ಮೆಚ್ಚಿಕೊಂಡೆ. ಆಸ್ಪತ್ರೆಯಲ್ಲಿ ಮಲಗಿ ಮಲಗಿ ಹೊತ್ತು ಹೋಗದೆ ಇದನ್ನೂ ಕೂರಿಸಿದ್ದಾಳೆ ನೋಡು, ನನಗೋಸ್ಕರ ಎಷ್ಟು ಕಷ್ಟಪಟ್ಟಿದ್ದಾಳೆ ಎಂದು ಇನ್ನಷ್ಟು ಅತ್ತೆ. ಭಾವ ಹೇಳಿದ ಆ ತುಂಬಾ ಹೊತ್ತು ಎಲ್ಲಿ ಹೋಯಿತು ಎಂದು ಈಗ ತಿಳಿಯಿತು ಎಂದುಕೊಂಡೆ.

ಒಂದು ಗಳಿಗೆ ಕೈ ತಡೆದದ್ದು ನಿಜ. ಅನುಮಾನ ಬಂದರೆ ಕಳಿಸು. ಕಳಿಸಿದರೆ ಏನಾಗುತ್ತಿತ್ತು? ಅಕ್ಕನದ್ದಾಗಿದ್ದರೆ ಬಾಗಿಲಲ್ಲಿ ನಿಲ್ಲುತ್ತಿತ್ತು, ನಾನು ಒಂದು ವಾರ ಲೋಟ ತೊಳೆಯುತ್ತಿದ್ದೆ. ಅಷ್ಟೇ. ಆದರೆ ಅವಳು ಕೊನೆಯ ಸಲ ಬಂದು ಬಾಗಿಲು ತಟ್ಟಿದಾಗ, ಯಾರೋ ಅಪರಿಚಿತರು ಎಂದು ನಾನು ಬರೆದು ಸಹಿ ಮಾಡುವುದೇ? ನನ್ನ ಕೈಯಲ್ಲಿ ಅದು ಆಗಲಿಲ್ಲ. ನಕಲಿ ಎಂಬ ಚೌಕಕ್ಕೆ ಗುರುತು ಹಾಕಿದೆ. ಹನ್ನೆರಡನೆಯದು.

ಅಂದಿನಿಂದ ಶನಿವಾರದವರೆಗೆ ನಾನು ಚೆನ್ನಾಗಿ ಉಂಡೆ, ಚೆನ್ನಾಗಿ ಮಲಗಿದೆ. ನಲ್ಲಿ ತೊಟ್ಟಿಕ್ಕಿದರೆ ಎಣಿಸಲಿಲ್ಲ. ಗುರುವಾರ ಕೊಳಾಯಿಯವನನ್ನು ಕರೆಸಿ ಅದನ್ನು ಸರಿಮಾಡಿಸಿಯೂ ಬಿಟ್ಟೆ.

ಶನಿವಾರದ ಸಭೆಗೆ ಗಡಿಯಾರ ತಡವಾಗಿ ಬಂದ, ಅದು ಹೊಸದಲ್ಲ. ಕೈಯಲ್ಲಿ ಒಂದು ಹಾಳೆ ಇತ್ತು. ಇನ್ನೊಂದು ಗ್ರಹದ ದಾರಿಯಲ್ಲಿರುವ ಒಂದು ನೌಕೆಯಲ್ಲೂ ಪುಟ್ಟದೊಂದು ಗಾಮಾ ಶೋಧಕ ಇದೆ. ಅದು ಕಂಡದ್ದನ್ನೆಲ್ಲ ಕೂಡಿಟ್ಟುಕೊಂಡು ವಾರಕ್ಕೊಮ್ಮೆ ಮಾತ್ರ ಕೆಳಗೆ ಕಳಿಸುತ್ತದೆ. ಆ ವಾರದ ಕಂತು ಬೆಳಿಗ್ಗೆ ಬಂದಿತ್ತು. ಮಂಗಳವಾರ ಅದಕ್ಕೂ ಒಂದು ಸ್ಫೋಟ ಕಂಡಿದೆ, ನಮ್ಮ ಲೆಕ್ಕಕ್ಕಿಂತ ಮೂರು ನಿಮಿಷ ಹನ್ನೆರಡು ಸೆಕೆಂಡು ತಡವಾಗಿ. ಆ ದಿಕ್ಕಿನಿಂದ ಬಂದ ಹೊಡೆತ ನಮ್ಮನ್ನು ದಾಟಿದ ಮೇಲೆ ಆ ನೌಕೆಯನ್ನು ಮುಟ್ಟಲು ಬೇಕಾದಷ್ಟೇ ಹೊತ್ತು ಎಂದು ಅವನು ವಿವರಿಸಿದ. ಒಂದು ಸಣ್ಣ ಉಬ್ಬು, ಮೂರು ದೊಡ್ಡ ಉಬ್ಬು. ಅಕ್ಕ ಎಷ್ಟೇ ಗಟ್ಟಿಗಿತ್ತಿಯಾದರೂ ಬೇರೆಯವರ ನೌಕೆಯೊಳಗೆ ಕೈ ಹಾಕುವವಳಲ್ಲ.

ಅವನು ಹಾಳೆಯನ್ನು ನನ್ನ ಮುಂದೆ ಇಟ್ಟು, ನನ್ನ ಕಡೆ ನೋಡದೆ, ಮೇಜಿನ ಅಂಚು ಉಜ್ಜತೊಡಗಿದ. ಮೊದಲ ಉಬ್ಬಿಗೂ ಆಮೇಲಿನ ಮೂರಕ್ಕೂ ನಡುವೆ ಎಷ್ಟು ಹೊತ್ತು ಎಂದು ಕೇಳಿದೆ.

"ಹತ್ತೊಂಬತ್ತು ಸೆಕೆಂಡು. ಯಾಕೆ, ನಮ್ಮದ್ರಲ್ಲೂ ಅಷ್ಟೇ ಇರಬೇಕಲ್ಲ, ನೀನು ಅಳೀಲಿಲ್ವಾ?"

ಅಳೆಯುವುದು ನನ್ನ ಕೆಲಸ. ಸಂಬಳ ಕೊಡುವುದು ಅದಕ್ಕೇ. ಪರದೆ ಪ್ರತಿ ಸ್ಫೋಟವನ್ನೂ ತನ್ನ ಅಗಲಕ್ಕೆ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತದೆ, ಕಣ್ಣಳತೆ ನಂಬಬಾರದು ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳುವವಳು ನಾನೇ. ಹತ್ತೊಂಬತ್ತು ಸೆಕೆಂಡನ್ನು ನೋಡಿ ಹದಿನಾಲ್ಕು ಎಂದುಕೊಂಡಿದ್ದೆ. ಹದಿನಾಲ್ಕರ ಆಚೆ ಎಣಿಸುವುದನ್ನು ನಾನು ಬಿಟ್ಟು ಏಳು ತಿಂಗಳಾಗಿತ್ತು.

ಎಲ್ಲವನ್ನೂ ಹೇಳಿಬಿಟ್ಟೆ. ಬಾಗಿಲು, ಚಿಲಕ, ಮೂರು ಗುದ್ದು, ಹನ್ನೊಂದು ನಕಲಿ. ಯಾರೂ ಬಯ್ಯಲಿಲ್ಲ, ಬಯ್ದಿದ್ದರೆ ಹಗುರವಾಗುತ್ತಿತ್ತು. ನಿರ್ದೇಶಕರು ನಿಯಮದ ಮನುಷ್ಯ, ಭೂಕಂಪವಾದರೂ ಸಭೆಯ ನಡವಳಿ ಮುಗಿಸಿಯೇ ಏಳುವವರು. ನಕಲಿ ಎಂದು ಗುರುತು ಹಾಕಿದ ಮೇಲೆ ಲಕೋಟೆ ಒಡೆಯಲೇಬೇಕು ಎಂದು ಹೋಗಿ ಬೀರು ತೆಗೆದರು. ಅರಗಿನ ಮೇಲೆ ಭಾವನ ಹೆಬ್ಬೆರಳ ಗುರುತು ಇತ್ತು. ಒಳಗಿನ ಹಾಳೆಯನ್ನು ಅವರು ಎಂದಿನಂತೆ ಗಟ್ಟಿಯಾಗಿ ಓದಲು ಹೋಗಿ, ಕನ್ನಡಕ ತೆಗೆದು, ಹಾಳೆಯನ್ನು ನನಗೆ ಕೊಟ್ಟರು.

ಅಕ್ಕನ ಅಕ್ಷರ ಓರೆಯಾಗಿತ್ತು. ಮಲಗಿಕೊಂಡೇ ಬರೆದಿರಬೇಕು. ಪಟ್ಟಿ ಇರಬೇಕಾದ ಜಾಗದಲ್ಲಿ ನಾಲ್ಕೇ ಸಾಲು.

"ತಂಗಿಯ ಪಾಳಿ. ಈ ವರ್ಷ ಒಂದೂ ಇಲ್ಲ. ಹನ್ನೊಂದು ಸಲ ಬಾಗಿಲು ತಟ್ಟಿ ಉತ್ತರ ಹೇಳಿಕೊಟ್ಟೆ, ಅದು ನನ್ನ ತಪ್ಪು. ಇನ್ನು ಬರುವುದೆಲ್ಲ ನಿಜವಾದದ್ದೇ, ಕಳಿಸಲಿ."

ಉಳಿದವರ ಹಳೆಯ ನಕಲಿಗಳನ್ನು ಅಂದೇ ತೆಗೆದು ನೋಡಿದೆ. ಒಂದರಲ್ಲೂ ಆ ತಟ್ಟುವಿಕೆ ಇರಲಿಲ್ಲ. ಅದು ನನ್ನ ದಿನಗಳಲ್ಲಿ ಮಾತ್ರ ಇತ್ತು. ಅವಳ ಕೈ ಅಭ್ಯಾಸಬಲದಿಂದ ಹೋಗಿರಲಿಲ್ಲ. ಜರಡಿ ಎಂಬ ಹೆಸರನ್ನು ನನಗೆ ಅವಳು ಸುಮ್ಮನೆ ಕೊಟ್ಟಿದ್ದಳು, ಚಿಕ್ಕಂದಿನಲ್ಲಿ ಓಟದಲ್ಲಿ ಬೇಕೆಂದೇ ಸೋಲುತ್ತಿದ್ದ ಹಾಗೆ.

ನಮ್ಮ ವೇಳೆ ಮತ್ತು ಆ ನೌಕೆಯ ವೇಳೆ ಹೋಲಿಸಿ ಗಡಿಯಾರ ಆಕಾಶದಲ್ಲಿ ಒಂದು ಬಿಲ್ಲಿನಂಥ ಗೆರೆ ಎಳೆದು, ಸ್ಫೋಟ ಇದರ ಮೇಲೆ ಎಲ್ಲೋ ಆಗಿರಬೇಕು ಎಂದು ಕೊಟ್ಟ. ನಾಲ್ಕು ದಿನ ತಡವಾಗಿ ಸೂಚನೆ ಹೊರಟಿತು, ಕೆಳಗೆ ನನ್ನ ಸಹಿ. ದೊಡ್ಡ ವೀಕ್ಷಣಾಲಯವೊಂದು ಎರಡು ರಾತ್ರಿ ಆ ಗೆರೆಯ ಉದ್ದಕ್ಕೂ ಹುಡುಕಿ, ಏನೂ ಕಾಣಲಿಲ್ಲ ಎಂದು ಬರೆಯಿತು. ಬೆಳಕು ಆರಿಹೋಗಿತ್ತು. ನಾವು ಕಂಡ ಸ್ಫೋಟಗಳ ಪಟ್ಟಿಯಲ್ಲಿ ಅದರ ಹೆಸರಿದೆ, ದಿನಾಂಕವಿದೆ, ಶಕ್ತಿಯ ಅಳತೆಯಿದೆ. ದೂರ ಎಂಬ ಕಡೆ ಒಂದು ಅಡ್ಡಗೆರೆ. ಎಲ್ಲಿಂದ ಬಂತು, ಎಷ್ಟು ಹಿಂದೆ ಹೊರಟಿತ್ತು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅಷ್ಟು ದೂರ ನಡೆದು ಬಂದದ್ದನ್ನು ನಾನು ಬೇರೆ ಯಾರೋ ಎಂದು ತಬ್ಬಿಕೊಂಡು, ಬಾಗಿಲಲ್ಲೇ ನಿಲ್ಲಿಸಿಬಿಟ್ಟಿದ್ದೆ.

ಭಾನುವಾರ ಭಾವನ ಮನೆಗೆ ಹೋಗಿ ಜಗಳ ತೆಗೆದೆ. ನನ್ನ ಹಾಳೆಯಲ್ಲಿ ಏನಿದೆ ಎಂದು ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಪಾಳಿಯವರಿಗೆ ಹೇಳಬಾರದು ಎಂದು ಅವಳು ಮಾತು ತೆಗೆದುಕೊಂಡಿದ್ದಳು, ಅದನ್ನು ಮುರಿಯಲು ತನ್ನಿಂದ ಆಗಲಿಲ್ಲ ಎಂದರು. ಮೇಜಿನ ಕೆಳಗೆ ಅವರ ಬಲಗಾಲು ಒತ್ತಿಕೊಂಡೇ ಇತ್ತು. ನನ್ನ ಉಸಿರು ಒಂದು ಹದಕ್ಕೆ ಬಂದ ಮೇಲೆ ಅವರೇ ಮಾತಾಡಿದರು.

"ಒಂದಾದ್ರೂ ಹಾಕು, ಅವಳು ಕಾಯ್ತಿರ್ತಾಳೆ ಅಂದೆ. ಪೆನ್ನು ಹಿಡ್ಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ಲು. ಆಮೇಲೆ, ಕಾಯ್ತಾಳೆ ಅಂತಾನೇ ಹಾಕಲ್ಲ ಅಂದ್ಲು."

ಸೋಮವಾರ ಮತ್ತೆ ನನ್ನ ಪಾಳಿ. ನಿಜವನ್ನು ನಕಲಿ ಎಂದವರಿಗೆ ಏನು ಶಿಕ್ಷೆ ಎಂದು ನಮ್ಮಲ್ಲಿ ಬರೆದಿಟ್ಟಿಲ್ಲ, ಈವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ನಾನಾಗಿಯೇ ಎಲ್ಲರ ಲೋಟ ತೊಳೆಯಲು ನಿಂತೆ. ಗಡಿಯಾರ ಬಾಗಿಲಲ್ಲಿ ಬಂದು ನಿಂತು, ಆ ದನಿ ತೆಗೆದು ಹಳೆಯ ಸದ್ದನ್ನೇ ಹಾಕಲೇ ಎಂದು ಮೆಲ್ಲಗೆ ಕೇಳಿದ. ಬೇಡ, ಇರಲಿ ಎಂದೆ.

ಐದನೆಯ ಲೋಟ ಕೈಯಲ್ಲಿದ್ದಾಗ ಅವಳು ಕರೆದಳು. "ಏನೋ ಬಂದಿದೆ, ನೋಡು." ನೆಗಡಿ ಇನ್ನೂ ಹೋಗಿರಲಿಲ್ಲ. ಉತ್ತರ ಕೊಡಲಿಲ್ಲ. ಕೈ ಒರೆಸಿಕೊಂಡು ಅವಳ ತಗ್ಗಿನಲ್ಲಿ ಕೂತು, ಅಳತೆಪಟ್ಟಿಯನ್ನು ಪರದೆಯ ಮೇಲೆ ಎಳೆದು, ಒಂದರಿಂದ ಶುರು ಮಾಡಿ ಎಣಿಸಿದೆ. ಈ ಸಲ ಹದಿನಾಲ್ಕು ದಾಟಿ ಇಪ್ಪತ್ತಮೂರರವರೆಗೆ ಹೋಯಿತು. ಕಳಿಸಿದೆ.